ಮಿರಗದಿಂದ ಮಿರಗಕ್ಕೆ: ಮಾಸೂರು ಸೀಮೆಯ ಋತುಗಳ ಲೆಕ್ಕ

ಮಳೆಗಾಲದ ಒಂದು ಭಾನುವಾರ ಮಾಸೂರಿನ ಮದಗದ ಕೆರೆಗೆ ಹೋದರೆ ಅಲ್ಲಿ ಸಣ್ಣ ಜಾತ್ರೆಯೇ ನೆರೆದಿರುತ್ತದೆ. ಕೆರೆ ತುಂಬಿ ಹೆಚ್ಚಾದ ನೀರು ಬಂಡೆಗಳ ನಡುವೆ ಧುಮ್ಮಿಕ್ಕುವುದನ್ನು ನೋಡಲು ಹಿರೇಕೆರೂರು, ರಟ್ಟೀಹಳ್ಳಿ, ಶಿಕಾರಿಪುರ ಕಡೆಗಳಿಂದ ಜನ ಬರುತ್ತಾರೆ. ಬುತ್ತಿ ಕಟ್ಟಿಕೊಂಡು ಬಂದ ಕುಟುಂಬಗಳಿರುತ್ತವೆ. ಬೈಕಿನಲ್ಲಿ ಬಂದ ಹುಡುಗರು ಮೊಬೈಲಿನಲ್ಲಿ ನೀರಿನ ಚಿತ್ರ ಹಿಡಿಯುತ್ತಿರುತ್ತಾರೆ. ಬುರ್ಖಾ ತೊಟ್ಟ ತಾಯಂದಿರೂ ಇಳಕಲ್ ಸೀರೆಯ ಅಜ್ಜಿಯರೂ ಒಂದೇ ಬಂಡೆಯ ಮೇಲೆ ಕುಳಿತು ಮಂಡಕ್ಕಿ ತಿನ್ನುತ್ತಿರುತ್ತಾರೆ. ದೊಡ್ಡ ನಗರದವರಿಗೆ ಉದ್ಯಾನ ಹೇಗೋ ಈ ಸೀಮೆಯವರಿಗೆ ಮದಗದ ಕೆರೆ ಹಾಗೆ.

ಅದೇ ಜಾಗಕ್ಕೆ ಫೆಬ್ರುವರಿ ತಿಂಗಳಲ್ಲಿ ಹೋದರೆ ಮನುಷ್ಯರ ಸದ್ದಿಲ್ಲ. ನೀರು ಹಿಂದೆ ಸರಿದು ಕೆಸರು ಕಾಣುತ್ತಿರುತ್ತದೆ. ಕೆಸರಿನಲ್ಲಿ ಉದ್ದ ಕಾಲಿನ ಹಕ್ಕಿಗಳು ಹುಳ ಹೆಕ್ಕುತ್ತಿರುತ್ತವೆ. ದಂಡೆಯಲ್ಲಿ ಬಾಲ ಕುಣಿಸುತ್ತಾ ಓಡಾಡುವ ಕುಂಡೆಕುಸ್ಕಗಳು ಹಿಮಾಲಯದ ಆಚೆಗೆ ಮರಳುವ ತಯಾರಿಯಲ್ಲಿರುತ್ತವೆ. ಗುಡ್ಡದ ಮೇಲೆ ಎಲೆ ಉದುರಿಸಿದ ಮುತ್ತುಗದ ಮರ ಕೆಂಪಗೆ ಹೂ ಬಿಟ್ಟಿರುತ್ತದೆ. ಈ ಎರಡನೆಯ ಕೆರೆಯನ್ನು ನೋಡಿದವರು ಕಡಿಮೆ. ನೋಡಿ ಬರೆದಿಟ್ಟವರು ಇನ್ನೂ ಕಡಿಮೆ.

ಅಲ್ಲಿ ಎಮ್ಮೆ ಮೇಯಿಸುತ್ತಿದ್ದ ಹಿರಿಯರೊಬ್ಬರು ನಮ್ಮನ್ನು ಕೇಳಿದ ಪ್ರಶ್ನೆಯೊಂದು ಈ ಬರಹಕ್ಕೆ ಕಾರಣ. ‘ಸಾಹೇಬ್ರ, ಮಿರಗದ ಹುಳಾ ನೋಡಿ ಎಷ್ಟ ವರ್ಷ ಆತ್ರಿ ನೀವು?’ ಎಂದರು ಅವರು. ಮಿರಗದ ಮಳೆ ಬಿದ್ದ ಮರುದಿನ ಹೊಲದ ಬದುವಿನಲ್ಲಿ ಕೆಂಪು ಮಖಮಲ್ಲಿನ ಗುಂಡಿಗಳಂತೆ ಹರಿದಾಡುವ ಆ ಹುಳವನ್ನು ನಮ್ಮ ಮನೆಗಳಲ್ಲಿ ಹಿರಿಯರು ಬೀರಬಹೂಟಿ ಎನ್ನುತ್ತಿದ್ದರು. ಬಾಲ್ಯದಲ್ಲಿ ಅದನ್ನು ಬೆಂಕಿಪೊಟ್ಟಣದಲ್ಲಿ ತುಂಬಿಕೊಂಡು ಶಾಲೆಗೆ ಒಯ್ದದ್ದು ನಮಗೆ ನೆನಪಿದೆ. ಕೊನೆಯ ಬಾರಿ ನೋಡಿದ್ದು ಯಾವಾಗ ಎಂಬುದು ಮಾತ್ರ ನೆನಪಿಲ್ಲ. ಹುಳ ಕಡಿಮೆಯಾಗಿದೆಯೋ, ನಾವು ಹೊಲದ ಕಡೆ ಹೋಗುವುದು ಕಡಿಮೆಯಾಗಿದೆಯೋ ಹೇಳಲಾರೆವು. ಯಾಕೆಂದರೆ ಲೆಕ್ಕ ಇಟ್ಟಿಲ್ಲ.

ಹಾಗಾದರೆ ಈ ನೆಲದಲ್ಲಿ ಋತುಗಳ ಲೆಕ್ಕ ಇಡುವ ಪದ್ಧತಿಯೇ ಇರಲಿಲ್ಲವೇ? ಇತ್ತು. ಬಹಳ ಗಟ್ಟಿಯಾಗಿಯೇ ಇತ್ತು. ಅದರ ಕುರುಹುಗಳು ನಮ್ಮ ನಾಲಿಗೆಯಲ್ಲಿ, ಕೋಟೆಯಲ್ಲಿ, ಕೆರೆಯಲ್ಲಿ, ಮರಗಳಲ್ಲಿ ಇನ್ನೂ ಉಳಿದಿವೆ.

ಫಸಲು, ಹಂಗಾಮು, ಮಿರಗ

ಮೊದಲು ಮಾತುಗಳನ್ನೇ ನೋಡೋಣ. ಹಿರೇಕೆರೂರಿನ ರೈತ ‘ಮುಂಗಾರು ಹಂಗಾಮು’ ಎನ್ನುತ್ತಾನೆ. ಮುಂಗಾರು ಅಚ್ಚಗನ್ನಡ. ಹಂಗಾಮು ಪಾರಸಿ; ಕಾಲ, ಸಮಯ ಎಂದು ಅರ್ಥ. ‘ಈ ಸಲ ಫಸಲು ಚಲೋ ಐತಿ’ ಎನ್ನುವಾಗಿನ ಫಸಲು ಅರಬಿಯ ‘ಫಸ್ಲ್’. ಮೂಲದಲ್ಲಿ ಅದರ ಅರ್ಥ ಋತು ಎಂದೇ. ಋತುವಿನ ಹೆಸರೇ ಬೆಳೆಯ ಹೆಸರಾಯಿತು. ರೇಡಿಯೋದಲ್ಲಿ ಕೇಳುವ ‘ಮಾನ್ಸೂನ್’ ಕೂಡ ಅರಬ್ ನಾವಿಕರ ‘ಮೌಸಿಮ್’ ಎಂಬ ಶಬ್ದದಿಂದ ಹುಟ್ಟಿ ಪೋರ್ಚುಗೀಸರ ಮೂಲಕ ಜಗತ್ತು ಸುತ್ತಿ ನಮ್ಮಲ್ಲಿಗೆ ಮರಳಿದ್ದು. ಮಳೆಯ ನಕ್ಷತ್ರಗಳ ಹೆಸರುಗಳಂತೂ ಸಂಸ್ಕೃತದಿಂದ ಬಂದು ಹಳ್ಳಿಯ ಬಾಯಲ್ಲಿ ಪಳಗಿದವು. ಮೃಗಶಿರ ಮಿರಗವಾಯಿತು, ಮಘೆ ಮಗಿಯಾಯಿತು. ಒಬ್ಬ ರೈತ ಒಂದೇ ವಾಕ್ಯದಲ್ಲಿ ಇವೆಲ್ಲವನ್ನೂ ಬಳಸುತ್ತಾನೆ. ಯಾವುದು ಯಾರ ಭಾಷೆಯದು ಎಂದು ಅವನು ಕೇಳಿಕೊಳ್ಳುವುದಿಲ್ಲ.

ಇಲ್ಲಿ ಮುಸ್ಲಿಮ್ ಆಡಳಿತಗಾರರಿಗೆ ಒಂದು ಸಮಸ್ಯೆ ಎದುರಾಗಿತ್ತು. ಹಿಜರಿ ವರ್ಷ ಚಂದ್ರನನ್ನು ಅನುಸರಿಸುತ್ತದೆ. ಅದರಲ್ಲಿರುವುದು ಸುಮಾರು 354 ದಿನ. ಹೀಗಾಗಿ ಹಿಜರಿ ತಿಂಗಳುಗಳು ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತಾ, ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಒಂದು ಸುತ್ತು ಹಾಕುತ್ತವೆ. ರಮಝಾನ್ ಒಮ್ಮೆ ಬಿರುಬೇಸಿಗೆಯಲ್ಲಿ, ಒಮ್ಮೆ ಜಡಿಮಳೆಯಲ್ಲಿ, ಒಮ್ಮೆ ಮಾಗಿಯ ಚಳಿಯಲ್ಲಿ ಬರುತ್ತದೆ. ಆರಾಧನೆಗೆ ಇದು ತೊಡಕಲ್ಲ. ಎಲ್ಲ ಕಾಲದಲ್ಲೂ ಉಪವಾಸ ಹಿಡಿದ ಅನುಭವ ಒಬ್ಬನ ಆಯುಷ್ಯದಲ್ಲೇ ಸಿಗುತ್ತದೆ. ಆದರೆ ಬೆಳೆ ಕೊಯ್ಲಿನ ನಂತರ ಕಂದಾಯ ಎತ್ತಬೇಕಾದ ಸರಕಾರಕ್ಕೆ ಇದರಿಂದ ಕೆಲಸ ನಡೆಯದು.

ಅದಕ್ಕೆ ದಖ್ಖನ್‌ನಲ್ಲಿ ಕಂಡುಕೊಂಡ ಪರಿಹಾರವೇ ‘ಶುಹೂರ್ ಸನ್’. ದಿಲ್ಲಿಯ ಮುಹಮ್ಮದ್ ಬಿನ್ ತುಘ್ಲಕ್ ಕಾಲದಲ್ಲಿ, 1344ರಲ್ಲಿ ಆರಂಭವಾದ ಈ ಶಕೆಯ ಅಂಕಿಗಳ ಹೆಸರುಗಳು ಅರಬಿ. ವರ್ಷದ ಅಳತೆ ಮಾತ್ರ ಸೂರ್ಯನದು. ಹೊಸ ವರ್ಷ ಆರಂಭವಾಗುವುದು ಸೂರ್ಯ ಮೃಗಶಿರ ನಕ್ಷತ್ರವನ್ನು ಪ್ರವೇಶಿಸುವ ದಿನ, ಅಂದರೆ ರೈತನ ಮಿರಗದ ದಿನ. ಆದ್ದರಿಂದಲೇ ಅದಕ್ಕೆ ‘ಮೃಗಸಾಲ್’ ಎಂಬ ಹೆಸರೂ ಇತ್ತು. ಬಿಜಾಪುರದ ಆದಿಲ್‌ಶಾಹಿಗಳ ಕಾಗದಪತ್ರಗಳಲ್ಲಿಯೂ, ಅವರ ನಂತರ ಮರಾಠರ ದಫ್ತರಗಳಲ್ಲಿಯೂ ಈ ಶಕೆ ಬಳಕೆಯಾಯಿತು. ಒಂದು ಮುಸ್ಲಿಮ್ ರಾಜ್ಯದ ಕಚೇರಿ ತನ್ನ ವರ್ಷವನ್ನು ಹಳ್ಳಿಯ ಬಿತ್ತನೆಯ ದಿನಕ್ಕೆ ಹೊಂದಿಸಿಕೊಂಡದ್ದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ. ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡಿದ ನಮಗೆ ಮಳೆಯಿಂದ ಆರಂಭವಾಗುವ ಈ ವರ್ಷದ ಪರಿಚಯವಿಲ್ಲ.

ನೋಡಿ ಬರೆದವರು

ಕಂದಾಯಕ್ಕಾಗಿ ಋತು ಎಣಿಸುವುದು ಒಂದು ಬಗೆ. ಯಾವ ಲಾಭವೂ ಇಲ್ಲದೆ ಒಂದು ಹಕ್ಕಿಯನ್ನೋ ಮರವನ್ನೋ ನೋಡಿ ಬರೆದಿಡುವುದು ಇನ್ನೊಂದು ಬಗೆ. ಭಾರತದಲ್ಲಿ ಎರಡನೆಯದಕ್ಕೂ ಹಳೆಯ ಉದಾಹರಣೆಗಳಿವೆ. 1526ರಲ್ಲಿ ಪಾನಿಪತ್ ಗೆದ್ದ ಬಾಬರ್ ತನ್ನ ಆತ್ಮಕಥೆಯಲ್ಲಿ ಹಿಂದೂಸ್ಥಾನದ ಪ್ರಾಣಿ, ಪಕ್ಷಿ, ಹಣ್ಣು, ಹೂಗಳ ವಿವರಕ್ಕಾಗಿ ಪುಟಗಟ್ಟಲೆ ಜಾಗ ಕೊಟ್ಟಿದ್ದಾನೆ. ಅವನ ಮರಿಮೊಮ್ಮಗ ಜಹಾಂಗೀರ್ ಇನ್ನೂ ಮುಂದೆ ಹೋದ. ಲೈಲಾ ಮತ್ತು ಮಜ್ನು ಎಂದು ಹೆಸರಿಟ್ಟು ಸಾಕಿದ ಸಾರಸ್ ಕೊಕ್ಕರೆಗಳ ಜೋಡಿ ಮೊಟ್ಟೆಯಿಟ್ಟು ಕಾವು ಕೊಟ್ಟ ರೀತಿಯನ್ನು, ಗಂಡು ಹೆಣ್ಣು ಸರದಿಯಲ್ಲಿ ಕೂರುವುದನ್ನು ಆತ ವಿವರವಾಗಿ ದಾಖಲಿಸಿದ. ಅವನ ಆಸ್ಥಾನದ ಉಸ್ತಾದ್ ಮನ್ಸೂರ್ ಬಿಡಿಸಿದ ಪಕ್ಷಿಗಳ ಚಿತ್ರಗಳನ್ನು ಇಂದಿಗೂ ವಿಜ್ಞಾನಿಗಳು ಗೌರವದಿಂದ ನೋಡುತ್ತಾರೆ.

ಇದೇ ಜಹಾಂಗೀರ್ ಬೇಟೆಯಲ್ಲಿ ಸಾವಿರಾರು ಪ್ರಾಣಿಗಳನ್ನು ಕೊಂದವನೂ ಹೌದು. ನೋಡುವ ಪ್ರೀತಿ ಮತ್ತು ಕೊಲ್ಲುವ ಹವ್ಯಾಸ ಒಬ್ಬನಲ್ಲೇ ಇದ್ದವು. ಮೊಘಲ್ ಬಾದಶಹರ ಈ ಎರಡು ಮುಖಗಳ ಬಗ್ಗೆ 1920ರ ದಶಕದಲ್ಲಿ ಲೇಖನಗಳನ್ನು ಬರೆದವರು ಮುಂಬಯಿಯ ಯುವಕ ಸಲೀಂ ಅಲಿ. 1896ರಲ್ಲಿ ಹುಟ್ಟಿ, ಬಾಲ್ಯದಲ್ಲಿ ತಾನೇ ಹೊಡೆದ ಗುಬ್ಬಚ್ಚಿಯ ಕೊರಳಿನ ಹಳದಿ ಬಣ್ಣ ಕಂಡು ಅಚ್ಚರಿಗೊಂಡು, ಅದರ ಹೆಸರು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲು ತಟ್ಟಿದ ಹುಡುಗ ಮುಂದೆ ಭಾರತದ ಪಕ್ಷಿಶಾಸ್ತ್ರದ ದೊಡ್ಡ ಹೆಸರಾದುದು ಎಲ್ಲರಿಗೂ ಗೊತ್ತು. ಕನ್ನಡಿಗರಿಗೆ ಅಷ್ಟಾಗಿ ಗೊತ್ತಿಲ್ಲದ ವಿಷಯ ಇನ್ನೊಂದಿದೆ. 1939-40ರಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದರು. ಅದರ ವರದಿ ಮುಂದಿನ ಕೆಲವು ವರ್ಷಗಳಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಗ ಶಿಕಾರಿಪುರ ಮೈಸೂರಿಗೆ ಸೇರಿತ್ತು. ಪಕ್ಕದ ಮಾಸೂರು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಕುಮುದ್ವತಿಯ ನೀರೂ ಹಕ್ಕಿಗಳೂ ಆ ಗಡಿಯನ್ನು ದಾಟುತ್ತಲೇ ಇದ್ದವು. ಸಮೀಕ್ಷೆ ಮಾತ್ರ ಸಂಸ್ಥಾನದ್ದಾಗಿತ್ತು.

ಮೈಸೂರು ಸಂಸ್ಥಾನದ ರಾಜಧಾನಿಗಳಲ್ಲಿ ಉದ್ಯಾನಗಳಿದ್ದವು. 1760ರಲ್ಲಿ ಹೈದರ್ ಅಲಿ ಬೆಂಗಳೂರಿನಲ್ಲಿ ಆರಂಭಿಸಿ ಮಗ ಟಿಪ್ಪು ಸುಲ್ತಾನ್ ಬೆಳೆಸಿದ ಲಾಲ್‌ಬಾಗ್ ಇಂದು 240 ಎಕರೆಗಳ ಸಸ್ಯೋದ್ಯಾನ. ಅದು ಅರಮನೆಯ ತೋಟವಾಗಿ ಹುಟ್ಟಿ, ಬ್ರಿಟಿಷರ ಕಾಲದಲ್ಲಿ ಸಸ್ಯಶಾಸ್ತ್ರದ ತೋಟವಾಗಿ, ಕೊನೆಗೆ ಎಲ್ಲರ ತೋಟವಾಯಿತು. 1970ರ ದಶಕದಲ್ಲಿ ಬೆಂಗಳೂರಿನ ಪಕ್ಷಿವೀಕ್ಷಕರು ತಿಂಗಳಿಗೊಮ್ಮೆ, ಎರಡನೆಯ ಭಾನುವಾರ, ಅಲ್ಲಿ ಸೇರುವ ರೂಢಿ ಹಾಕಿಕೊಂಡರು. ಸಲೀಂ ಅಲಿಯವರ ಬಂಧು, ಪಕ್ಷಿವೀಕ್ಷಕರಿಗಾಗಿಯೇ ಒಂದು ಚಿಕ್ಕ ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದ ಜಾಫರ್ ಫತೇಹಲಿ ಕೂಡ ಬೆಂಗಳೂರಿಗೆ ಬಂದು ನೆಲೆಸಿ ಈ ಬಳಗಕ್ಕೆ ಬಲವಾದರು. ಅವರು ತೀರಿಕೊಂಡದ್ದು 2013ರಲ್ಲಿ. ಒಂದೇ ಜಾಗ, ಒಂದೇ ದಿನ, ವರ್ಷಕ್ಕೆ 12 ಸಲ ನೋಡುವುದು ಅವರ ಕ್ರಮ. ಇದರಲ್ಲಿ ಸಾಹಸವೇನೂ ಇಲ್ಲ. ಆದರೆ ಹೀಗೆ ಬರೆದಿಟ್ಟ ಪಟ್ಟಿಗಳಿಂದಲೇ ಯಾವ ಹಕ್ಕಿ ನಗರ ಬಿಟ್ಟಿತು, ಯಾವುದು ಉಳಿಯಿತು ಎಂದು ಹೇಳಲು ಸಾಧ್ಯವಾಗುತ್ತದೆ.

ನಮ್ಮ ಸೀಮೆಯಲ್ಲಿ ಅಂಥ ನೋಟಕ್ಕೆ ಜಾಗಗಳ ಕೊರತೆಯಿಲ್ಲ. ಮೂರು ಜಾಗಗಳನ್ನು ಇಲ್ಲಿ ನೋಡೋಣ.

ಬಂಕಾಪುರದ ಕೋಟೆಯಲ್ಲಿ ನವಿಲು

ಶಿಗ್ಗಾಂವಿ ತಾಲೂಕಿನ ಬಂಕಾಪುರಕ್ಕೆ ಆ ಹೆಸರು ಬಂದದ್ದು 9ನೇ ಶತಮಾನದ ರಾಷ್ಟ್ರಕೂಟ ದಂಡನಾಯಕ ಬಂಕೆಯನಿಂದ. ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಇಲ್ಲಿ 898ರಲ್ಲಿ ಪೂಜೆ ಸಂದಿತು. ಚಾಲುಕ್ಯ ಶೈಲಿಯ ನಗರೇಶ್ವರ ದೇವಾಲಯ ಕೋಟೆಯೊಳಗೇ ಇದೆ. ಹತ್ತಿರದ ಬಾಡ ಗ್ರಾಮ ಕನಕದಾಸರ ಹುಟ್ಟೂರು. ವಿಜಯನಗರದ ಅವನತಿಯ ನಂತರ 1570ರ ದಶಕದಲ್ಲಿ ಕೋಟೆ ಬಿಜಾಪುರದ ಅಲಿ ಆದಿಲ್‌ಶಾಹನ ವಶವಾಯಿತು. 1686ರಲ್ಲಿ ಬಿಜಾಪುರ ಬಿದ್ದ ಮೇಲೆ ಮಿಯಾನಾ ಪಠಾಣ ವಂಶದ ಅಬ್ದುಲ್ ರವೂಫ್ ಖಾನ್ ಔರಂಗಜೇಬನಿಂದ ಈ ಪ್ರದೇಶ ಪಡೆದು ಸವಣೂರು ನವಾಬರ ಆಳ್ವಿಕೆಗೆ ತಳಪಾಯ ಹಾಕಿದ. ಜೈನ ಮುನಿಗಳು, ಶೈವ ಅರಸರು, ಸುಲ್ತಾನರ ಕಿಲ್ಲೇದಾರರು, ನವಾಬರು, ಮರಾಠರು, ಕಂಪೆನಿ ಸರಕಾರದವರು ಎಲ್ಲರೂ ಈ ಗೋಡೆಗಳ ನಡುವೆ ಬಂದು ಹೋದರು.

ಇವರೆಲ್ಲ ಹೋದ ಮೇಲೆ ಕೋಟೆ ಪಾಳುಬಿತ್ತು. 1919ರಲ್ಲಿ ಅಲ್ಲಿ ಕಿಲಾರಿ ದನಗಳ ತಳಿ ಸಂವರ್ಧನ ಕೇಂದ್ರ ಆರಂಭವಾಯಿತು. ದನಗಳಿಗಾಗಿ ಹುಲ್ಲುಗಾವಲು ಉಳಿಯಿತು. ಕಂದಕದಲ್ಲಿ ಪೊದೆ ಬೆಳೆಯಿತು. ಸರಕಾರಿ ಜಾಗವಾದ್ದರಿಂದ ಬೇಟೆಗಾರರ ಓಡಾಟ ತಪ್ಪಿತು. ಸಗಣಿಯಲ್ಲಿ ಹುಳ, ಹುಲ್ಲಿನಲ್ಲಿ ಕಾಳು, ಪೊದೆಯಲ್ಲಿ ಆಸರೆ ಸಿಕ್ಕಿತು. ಇಷ್ಟಿದ್ದರೆ ನವಿಲಿಗೆ ಬೇರೇನೂ ಬೇಡ. 2006ರಲ್ಲಿ ಸುಮಾರು 139 ಎಕರೆಗಳ ಈ ಆವರಣವನ್ನು ನವಿಲುಧಾಮವೆಂದು ಘೋಷಿಸಲಾಯಿತು. ಘೋಷಣೆ ಬಂದದ್ದು ನವಿಲುಗಳು ತಾವಾಗಿ ನೆಲೆಸಿದ ಎಷ್ಟೋ ಕಾಲದ ನಂತರ.

ಬಂಕಾಪುರವನ್ನು ಒಂದೇ ಸಲ ನೋಡಿದವರಿಗೆ ಅರ್ಧ ಮಾತ್ರ ತಿಳಿಯುತ್ತದೆ. ಮೊದಲ ಮಳೆಯ ಹೊತ್ತಿಗೆ ಗಂಡು ನವಿಲು ಗರಿ ಕೆದರಿ ಕುಣಿಯುವುದನ್ನು ನೋಡಲು ಎಲ್ಲರೂ ಬರುತ್ತಾರೆ. ಮಳೆಗಾಲ ಮುಗಿಯುತ್ತಾ ಬಂದಂತೆ ಅದೇ ಗಂಡು ತನ್ನ ಉದ್ದ ಗರಿಗಳನ್ನೆಲ್ಲ ಒಂದೊಂದಾಗಿ ಉದುರಿಸಿ, ಬೋಳು ಬಾಲದಿಂದ ಪೊದೆಯಲ್ಲಿ ಅಡಗಿ ತಿರುಗುತ್ತದೆ. ಚಳಿಗಾಲದಲ್ಲಿ ಹೊಸ ಗರಿಗಳು ಬೆಳೆಯತೊಡಗಿ ಬೇಸಿಗೆಯ ಹೊತ್ತಿಗೆ ಪೂರ್ತಿಯಾಗುತ್ತವೆ. ದರ್ಗಾಗಳಲ್ಲಿ ತಲೆ ಸವರಲು ಬಳಸುವ ನವಿಲುಗರಿಯ ಕಟ್ಟು, ದೇವಸ್ಥಾನಗಳ ಚಾಮರ ಎರಡಕ್ಕೂ ಬೇಕಾದದ್ದು ಹೀಗೆ ತಾನಾಗಿ ಉದುರಿದ ಗರಿಗಳೇ. ಗರಿಗಾಗಿ ನವಿಲನ್ನು ಕೊಲ್ಲಬೇಕಿಲ್ಲ ಎಂಬುದು ಹಿರಿಯರಿಗೆ ಗೊತ್ತಿದ್ದದ್ದು ಅವರು ವರ್ಷವಿಡೀ ನೋಡುತ್ತಿದ್ದುದರಿಂದ.

ನವಿಲು 1963ರಲ್ಲಿ ರಾಷ್ಟ್ರಪಕ್ಷಿಯಾಯಿತು. ಸಲೀಂ ಅಲಿ ಸೂಚಿಸಿದ್ದು ಬೇರೊಂದು ಹಕ್ಕಿಯನ್ನು. ಅದರ ಕಥೆ ನಮ್ಮ ಪಕ್ಕದ ರಾಣೆಬೆನ್ನೂರಿನದು. ಅಲ್ಲಿಗೆ ಹೋಗುವ ಮೊದಲು ಸವಣೂರಿನ ಮರಗಳನ್ನು ನೋಡಬೇಕು.

ಸವಣೂರಿನ ದೊಡ್ಡ ಹುಣಸೆ

ನವಾಬರ ಸವಣೂರು ಎಂದರೆ ಜನರಿಗೆ ಮೊದಲು ನೆನಪಾಗುವುದು ಖಾರಾ ಮತ್ತು ವೀಳ್ಯದೆಲೆ. ಮೂರನೆಯದಾಗಿ ಅಲ್ಲಿನ ದೊಡ್ಡ ಹುಣಸೆ ಕಲ್ಮಠದ ಆವರಣದ ಮೂರು ಮರಗಳು. ಹಲವರು ಕೈ ಕೈ ಹಿಡಿದು ನಿಂತರೆ ಮಾತ್ರ ಬುಡ ಸುತ್ತಲು ಸಾಧ್ಯ. ಹೆಸರು ಹುಣಸೆಯಾದರೂ ಅದು ಹುಣಸೆಯ ಜಾತಿಯಲ್ಲ. ಕಾಯಿಯೊಳಗಿನ ತಿರುಳು ಹುಳಿಯಾದುದರಿಂದ ಬಂದ ಹೆಸರು ಅದು. ಇದು ಆಫ್ರಿಕಾದ ಬೇವೊಬಾಬ್ ಮರ. ಬಿಜಾಪುರದಲ್ಲಿಯೂ ಇಂಥ ಹಳೆಯ ಮರಗಳಿವೆ.

ಆಫ್ರಿಕಾದ ಮರ ಸವಣೂರಿಗೆ ಬಂದದ್ದು ಹೇಗೆ? ಜನರ ಬಾಯಲ್ಲಿ ಪುರಾಣದ ಕಥೆಗಳಿವೆ. ಮರಗಳಿಗೆ 2000 ವರ್ಷ ವಯಸ್ಸಾಗಿದೆ ಎಂಬ ಮಾತೂ ಇದೆ. ಕೇವಲ ಬುಡದ ಸುತ್ತಳತೆ ನೋಡಿ ಈ ಮರದ ವಯಸ್ಸು ಹೇಳಲು ಬರುವುದಿಲ್ಲ. ಆದರೆ ಬೀಜದ ದಾರಿಯನ್ನು ಹುಡುಕಲು ಸಾಧ್ಯವಾಗಿದೆ. 2015ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಭಾರತದ ಬೇವೊಬಾಬ್‌ಗಳನ್ನು ಆಫ್ರಿಕಾದ ಮರಗಳೊಂದಿಗೆ ಹೋಲಿಸಿ ನೋಡಿತು. ಅವು ಒಂದೇ ಸಲ, ಒಂದೇ ಕಡೆಯಿಂದ ಬಂದವುಗಳಲ್ಲ. ಹಲವು ಕಾಲದಲ್ಲಿ, ಆಫ್ರಿಕಾದ ಬೇರೆ ಬೇರೆ ತೀರಗಳಿಂದ ಮನುಷ್ಯರ ಜೊತೆ ಬಂದವು ಎಂದು ಅದು ತೋರಿಸಿತು. ಹಿಂದೂ ಮಹಾಸಾಗರದ ವ್ಯಾಪಾರದ ಹಡಗುಗಳಲ್ಲಿ ಅರಬರು ಬಂದರು, ಪೋರ್ಚುಗೀಸರು ಬಂದರು. ಸೈನಿಕರಾಗಿ, ಗುಲಾಮರಾಗಿ ಆಫ್ರಿಕಾದ ಹಬ್ಶಿಗಳು ಬಂದರು. ದಖ್ಖನ್ ಸುಲ್ತಾನರ ಆಸ್ಥಾನಗಳಲ್ಲಿ ಕೆಲವು ಹಬ್ಶಿಗಳು ಮಂತ್ರಿ, ಸೇನಾಪತಿಗಳಾದರು. ಇನ್ನು ಕೆಲವರ ಸಂತತಿ ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ಸಿದ್ದಿಗಳಾಗಿ ಕನ್ನಡ, ಕೊಂಕಣಿ ಮಾತಾಡಿಕೊಂಡು ಉಳಿಯಿತು. ಮನುಷ್ಯರ ಈ ಚರಿತ್ರೆಗೆ ದಾಖಲೆಗಳು ತೀರ ಕಡಿಮೆ. ತಿನ್ನಲೆಂದೋ ಔಷಧಿಗೆಂದೋ ಅವರು ತಂದ ಕಾಯಿಯ ಬೀಜದಿಂದ ಎದ್ದ ಮರಗಳು ದಾಖಲೆಯಾಗಿ ನಿಂತಿವೆ. ಅಂಥದ್ದೊಂದು ಮರ ಸವಣೂರಿನಲ್ಲಿ ಮಠದ ಆಶ್ರಯದಲ್ಲಿ ಬೆಳೆಯಿತು.

ಈ ಮರಕ್ಕೂ ಅದರದೇ ಆದ ಪಂಚಾಂಗವಿದೆ. ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿ ಬೇರು ಮೇಲೆ ಮಾಡಿ ನೆಟ್ಟಂತೆ ಕಾಣುತ್ತದೆ. ಮಳೆಯ ವಾಸನೆ ಬಂದ ಕೂಡಲೇ ಚಿಗುರುತ್ತದೆ. ಜೋತುಬೀಳುವ ದೊಡ್ಡ ಬಿಳಿ ಹೂಗಳು ಸಂಜೆಗತ್ತಲಲ್ಲಿ ಅರಳಿ ಮರುದಿನವೇ ಬಾಡುತ್ತವೆ. ಬಾವಲಿಗಳು ರಾತ್ರಿ ಬಂದು ಮಕರಂದ ಹೀರುತ್ತವೆ. ಹಗಲು ಬಂದು ಫೋಟೊ ತೆಗೆಸಿಕೊಂಡು ಹೋಗುವವರಿಗೆ ಇದು ಕಾಣುವುದಿಲ್ಲ.

2023ರ ಜುಲೈ ತಿಂಗಳ ಮಳೆಯಲ್ಲಿ ಆ ಮೂರು ಮರಗಳಲ್ಲಿ ಒಂದು ಬುಡಸಮೇತ ಉರುಳಿತು. ಸುದ್ದಿ ಕೇಳಿ ಸವಣೂರಿನ ಜನ ಮನೆಯ ಹಿರಿಯರೊಬ್ಬರು ಬಿದ್ದಂತೆ ಕಳವಳಪಟ್ಟರು. ಮರವನ್ನು ಕತ್ತರಿಸಿ ಸಾಗಿಸದೆ, ತಜ್ಞರ ಸಲಹೆ ಪಡೆದು, ಯಂತ್ರಗಳಿಂದ ಎತ್ತಿ ಅಲ್ಲಿಯೇ ಮತ್ತೆ ನಿಲ್ಲಿಸುವ ಕೆಲಸ ನಡೆಯಿತು. ಇದು ನಮ್ಮ ಸೀಮೆ ಹೆಮ್ಮೆಪಡಬೇಕಾದ ಸಂಗತಿ. ಆಫ್ರಿಕಾದಲ್ಲಿಯೇ ಅತ್ಯಂತ ಹಳೆಯ ಬೇವೊಬಾಬ್‌ಗಳಲ್ಲಿ ಹೆಚ್ಚಿನವು 2005ರಿಂದೀಚೆಗೆ ಪೂರ್ತಿಯಾಗಿಯೋ ಭಾಗಶಃವೋ ಸತ್ತಿವೆ ಎಂದು 2018ರಲ್ಲಿ ವಿಜ್ಞಾನಿಗಳು ವರದಿ ಮಾಡಿದ್ದರು. ಅಲ್ಲಿ ವರ್ಷಗಟ್ಟಲೆ ಅಳೆದು ಬರೆದಿಟ್ಟವರಿದ್ದುದರಿಂದ ಆ ಸಾವು ಲೋಕಕ್ಕೆ ತಿಳಿಯಿತು. ಸವಣೂರಿನ ಉಳಿದೆರಡು ಮರಗಳು ಪ್ರತಿ ವರ್ಷ ಯಾವ ವಾರ ಚಿಗುರುತ್ತವೆ, ಎಷ್ಟು ಕಾಯಿ ಬಿಡುತ್ತವೆ ಎಂದು ಪಕ್ಕದ ಶಾಲೆಯ ಮಕ್ಕಳು ಬರೆಯತೊಡಗಿದರೆ ಅದಕ್ಕೆ ಖರ್ಚಾಗುವುದು ಒಂದು ನೋಟುಬುಕ್ಕು.

ರಾಣೆಬೆನ್ನೂರಿನಲ್ಲಿ ಹೋದದ್ದು

ಲೆಕ್ಕವಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಮಾಸೂರಿನ ಪೂರ್ವಕ್ಕೆ ರಾಣೆಬೆನ್ನೂರಿನ ಸುತ್ತಮುತ್ತ ಕುರುಚಲು ಮತ್ತು ಹುಲ್ಲಿನ ಬಯಲುಗಳಿದ್ದವು. ಅಲ್ಲಿ ಕೃಷ್ಣಮೃಗಗಳ ಹಿಂಡು, ತೋಳ, ಮತ್ತು ನಮ್ಮ ಕಡೆ ಎರೆಭೂತ, ಎರ್ಲಡ್ಡು ಎಂದೆಲ್ಲ ಕರೆಯುತ್ತಿದ್ದ ಎತ್ತರದ ಹಕ್ಕಿ ಇದ್ದವು. ಕಪ್ಪು ಎರೆಭೂಮಿಯಲ್ಲಿ ಮನುಷ್ಯನ ಸೊಂಟದ ಎತ್ತರಕ್ಕೆ ತಲೆಯೆತ್ತಿ ನಡೆಯುವ ಈ ಹಕ್ಕಿಯನ್ನು ರಾಷ್ಟ್ರಪಕ್ಷಿ ಮಾಡಬೇಕೆಂದು ಸಲೀಂ ಅಲಿ ಸೂಚಿಸಿದ್ದರು. ನವಿಲು ಎಲ್ಲೆಡೆ ಇದೆ, ಅಳಿಯುತ್ತಿರುವ ಈ ಹಕ್ಕಿಗೆ ಗೌರವ ಸಿಕ್ಕರೆ ಉಳಿದೀತು ಎಂಬುದು ಅವರ ಆಶಯವಾಗಿತ್ತು.

1974ರಲ್ಲಿ ಸುಮಾರು 119 ಚದರ ಕಿಲೋಮೀಟರ್ ಪ್ರದೇಶವನ್ನು ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯವೆಂದು ಘೋಷಿಸಲಾಯಿತು. ಆದರೆ ಹುಲ್ಲುಬಯಲೆಂದರೆ ಬಂಜರು, ಬಂಜರಿನಲ್ಲಿ ಗಿಡ ನೆಟ್ಟರೆ ಪುಣ್ಯ ಎಂಬ ತಿಳಿವಳಿಕೆ ಆ ಕಾಲದಲ್ಲಿ ಗಟ್ಟಿಯಾಗಿತ್ತು. ಅಭಯಾರಣ್ಯದ ದೊಡ್ಡ ಭಾಗ ನೀಲಗಿರಿ ನೆಡುತೋಪಾಯಿತು. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು. ದೂರದವರೆಗೆ ಬಯಲು ಕಂಡರೆ ಮಾತ್ರ ಬದುಕಬಲ್ಲ ಎರೆಭೂತ ಹೊಂದಿಕೊಳ್ಳಲಿಲ್ಲ. ಇಂದು ಅಲ್ಲಿ ಅದು ಇಲ್ಲ. ದೇಶದಲ್ಲಿ ಉಳಿದಿರುವ ಸುಮಾರು 150ರಲ್ಲಿ ಹೆಚ್ಚಿನವು ರಾಜಸ್ಥಾನದಲ್ಲಿವೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯವು ಉಳಿದಿವೆ.

ಇಲ್ಲಿ ಯಾರೂ ಕೇಡು ಬಗೆದಿರಲಿಲ್ಲ. ಗಿಡ ನೆಟ್ಟವರು ಒಳ್ಳೆಯದನ್ನೇ ಮಾಡುತ್ತಿದ್ದೇವೆ ಎಂದುಕೊಂಡರು. ಆ ಬಯಲಿನಲ್ಲಿ ಕುರಿ ಕಾಯುತ್ತಿದ್ದವರಿಗೆ ಹಕ್ಕಿ ಎಲ್ಲಿ ಮೊಟ್ಟೆಯಿಡುತ್ತದೆ, ಯಾವ ತಿಂಗಳು ಎಲ್ಲಿರುತ್ತದೆ ಎಂಬುದು ಗೊತ್ತಿತ್ತು. ಅವರನ್ನು ಕೇಳಿದವರಿಲ್ಲ, ಅವರು ಬರೆದವರಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಪಕ್ಕದಲ್ಲಿದೆ. ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯದ ಮೇಲಿಂದ ಹಾರಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ರಾತ್ರಿ, ಮುಂಜಾನೆ ಸುತ್ತಲ ಹೊಲಗಳಲ್ಲಿ ಮೇಯುತ್ತವೆ, ಹಗಲು ಕೆರೆಯಲ್ಲಿ ತಂಗುತ್ತವೆ. ಊರಿನವರು ಅವುಗಳನ್ನು ಹೊಡೆಯುವುದಿಲ್ಲ, ಹೊಡೆಯಲು ಬಿಡುವುದೂ ಇಲ್ಲ. ವರ್ಷ ವರ್ಷ ಬಂದ ಹಕ್ಕಿಗಳನ್ನು ಎಣಿಸುವವರು ಇದ್ದುದರಿಂದ ಆ ಕೆರೆಯ ಮಹತ್ವ ಹೊರಗೆ ತಿಳಿಯಿತು. 2024ರಲ್ಲಿ ಮಾಗಡಿ ಕೆರೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಆ ಪಟ್ಟಿಗೆ ಸೇರುವ ಮೊದಲೂ ಅದು ಹಳ್ಳಿಯ ಒಂದು ನೀರಾವರಿ ಕೆರೆಯೇ ಆಗಿತ್ತು.

ಮತ್ತೆ ಮದಗದ ದಂಡೆಗೆ

ಮೊದಲು ಹಿರೇಕೆರೂರು ತಾಲೂಕಿನಲ್ಲಿದ್ದು ಈಗ ರಟ್ಟೀಹಳ್ಳಿ ತಾಲೂಕಿಗೆ ಸೇರಿರುವ ಮಾಸೂರಿಗೆ ಮರಳೋಣ. ತ್ರಿಪದಿಗಳ ಸರ್ವಜ್ಞನ ಹೆಸರಿನೊಂದಿಗೆ ಜನ ಜೋಡಿಸುವ ಊರು ಇದು. ಶಿವಮೊಗ್ಗ ಜಿಲ್ಲೆಯ ಮಲೆನಾಡಿನಲ್ಲಿ ಹುಟ್ಟಿ, ಶಿಕಾರಿಪುರ ದಾಟಿ ಬರುವ ಕುಮುದ್ವತಿ ನದಿ ಇಲ್ಲಿ ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯನ್ನು ಹಾದು ಮುಂದೆ ತುಂಗಭದ್ರೆಯನ್ನು ಸೇರುತ್ತದೆ. ಆ ಇಕ್ಕಟ್ಟನ್ನು ಗುರುತಿಸಿ ವಿಜಯನಗರದ ಕಾಲದಲ್ಲಿ ಮಣ್ಣಿನ ಭಾರೀ ಏರಿ ಕಟ್ಟಿ ನದಿಯನ್ನೇ ಕೆರೆಯಾಗಿಸಿದರು. ಆ ಕಾಲದ ದೊಡ್ಡ ನೀರಾವರಿ ಕೆಲಸಗಳಲ್ಲಿ ಇದೂ ಒಂದು. ಮುಂದೆ ಏರಿ ಒಡೆದು ಹಳೆಯ ಕೆರೆ ಬರಿದಾಯಿತು. ಈಗಿರುವುದು ಆ ಹಳೆಯ ವಿಸ್ತಾರದ ಒಂದು ಭಾಗ ಮಾತ್ರ. ಮಳೆಗಾಲದಲ್ಲಿ ಜನ ಮೆಚ್ಚಿ ನೋಡುವ ಜಲಪಾತದ ಹಿಂದೆ ಹೀಗೆ ಕಟ್ಟಿದವರ ಶ್ರಮವೂ ಕಟ್ಟೆ ಒಡೆದಾಗ ಕೆಳಗಿನವರು ಪಟ್ಟ ಪಾಡೂ ಇವೆ.

ಅರಸ ಕಟ್ಟಿದ ಕೆರೆಯ ನೀರನ್ನು ಸುಲ್ತಾನರ ರೈತರು ಹಾಯಿಸಿದರು. ನವಾಬರ, ಪೇಶ್ವೆಯರ, ಬ್ರಿಟಿಷರ ಕಂದಾಯಕ್ಕೂ ಅದೇ ನೀರು ಬೆಳೆ ಕೊಟ್ಟಿತು. ಈ ಸೀಮೆಯ ಶಿಶುವಿನಹಾಳದಲ್ಲಿ ಹುಟ್ಟಿದ ಸಂತ ಶರೀಫರು (1819-1889) ಅನುಭಾವ ಹೇಳಲು ಮಳೆ, ಮನೆ, ಹಕ್ಕಿ, ಹೊಲಗಳನ್ನೇ ಬಳಸಿದರು. ಕೇಳುವವರೆಲ್ಲರಿಗೂ ಅವು ದಿನನಿತ್ಯದ ಪರಿಚಯವಾಗಿದ್ದವು. ಇಂದು ಶರೀಫರ ಹಾಡನ್ನು ಎಲ್ಲರೂ ಕೇಳುತ್ತೇವೆ. ಆ ಹಾಡಿನೊಳಗಿನ ಪ್ರಾಣಿ ಪಕ್ಷಿಗಳನ್ನು ಗುರುತಿಸಬಲ್ಲ ಮಕ್ಕಳು ಎಷ್ಟು ಜನ?

ಹೊಲಗಳೂ ಬದಲಾಗಿವೆ. ಜೋಳ, ನವಣೆ, ಸಾವೆಗಳಿದ್ದ ಕಡೆ ಗೋವಿನಜೋಳ ಬಂದಿದೆ. 2002ರ ನಂತರ ಬಿಟಿ ಹತ್ತಿ ಹರಡಿತು. ಕಳೆನಾಶಕ ಬಂದಿದೆ. ಮಿರಗದ ಹುಳ ಕಡಿಮೆಯಾಗಿದ್ದರೆ ಕಾರಣ ಇದರಲ್ಲಿ ಯಾವುದು? ಮಳೆ ತಡವಾಗುವುದೋ, ಮಣ್ಣಿಗೆ ಸುರಿದ ಔಷಧಿಯೋ, ಎರಡೂ ಸೇರಿಯೋ? ಪ್ರತಿ ವರ್ಷ ಜೂನ್ 7 ಅಥವಾ 8ರಂದು ಮಿರಗ ಕೂಡುತ್ತದೆ. ಪಂಚಾಂಗದಲ್ಲಿ ಅದು ತಪ್ಪುವುದಿಲ್ಲ. ಮಳೆ ಎಂದು ಬಂತು, ಹುಳ ಎಂದು ಎದ್ದಿತು, ಚಾತಕ ಎಂದು ಕೂಗಿತು ಎಂಬುದನ್ನು ಒಬ್ಬರು 30 ವರ್ಷ ಬರೆದಿಟ್ಟಿದ್ದರೆ ಆ ಹಿರಿಯರ ಪ್ರಶ್ನೆಗೆ ನಾವು ಉತ್ತರ ಕೊಡಬಹುದಿತ್ತು.

ಇದಕ್ಕೆ ಪದವಿ ಬೇಕಿಲ್ಲ, ದುಬಾರಿ ದುರ್ಬೀನೂ ಬೇಕಿಲ್ಲ. ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಬಗ್ಗೆ ಕನ್ನಡದಲ್ಲಿಯೇ ಬರೆದು ದಾರಿ ತೋರಿಸಿದ್ದಾರೆ. ಮಸೀದಿಗೆ ಫಜ್ರ್ ನಮಾಝಿಗೆ ಹೋಗುವವರು ದಿನವೂ ಹೊತ್ತು ಹುಟ್ಟುವ ಮುಂಚೆ ಹೊರಗಿರುತ್ತಾರೆ. ಯಾವ ಹಕ್ಕಿ ಮೊದಲು ಕೂಗುತ್ತದೆ ಎಂದು ಕೇಳಲು ಅದಕ್ಕಿಂತ ಒಳ್ಳೆಯ ವೇಳೆ ಇಲ್ಲ. ಹೊಲಕ್ಕೆ ಹೋಗುವ ತಾಯಂದಿರಿಗೆ ಯಾವ ಬದುವಿನಲ್ಲಿ ಯಾವ ಸೊಪ್ಪು ಯಾವಾಗ ಚಿಗುರುತ್ತದೆ ಎಂಬುದು ಗೊತ್ತಿದೆ. ಮದರಸದ, ಸರಕಾರಿ ಶಾಲೆಯ ಮಕ್ಕಳು ತಮ್ಮ ಅಂಗಳದ ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಅದರ ಎಲೆ, ಹೂ, ಕಾಯಿ ಗಮನಿಸಿ ದಿನಾಂಕ ಸಹಿತ ಬರೆದರೆ ಸಾಕು. ಬೇರೆ ರಾಜ್ಯಗಳಲ್ಲಿ ಶಾಲೆಗಳು ಈ ಕೆಲಸ ಮಾಡುತ್ತಿವೆ.

ನಾವು ಮಾಸೂರಿನಿಂದ ಹೊರಡುವಾಗ ಆ ಹಿರಿಯರಿಗೆ ಒಂದು ಮಾತು ಕೊಟ್ಟು ಬಂದೆವು. ಬರುವ ಮಿರಗದ ಮಳೆಯ ಮರುದಿನ ಮತ್ತೆ ಬರುತ್ತೇವೆ, ಬದುವಿನಲ್ಲಿ ಹುಡುಕುತ್ತೇವೆ, ಕಂಡರೆ ಎಷ್ಟು ಕಂಡವು ಎಂದೂ ಕಾಣದಿದ್ದರೆ ಕಾಣಲಿಲ್ಲ ಎಂದೂ ಬರೆಯುತ್ತೇವೆ ಎಂದು. ‘ಬರ್ರಿ, ನಾನೂ ಹುಡುಕತೇನಿ’ ಎಂದರು ಅವರು. ಓದುಗರು ತಮ್ಮ ತಮ್ಮ ಊರಿನಲ್ಲಿ ಅದೇ ದಿನ ಹೊಲದ ಕಡೆ ಒಂದು ಸುತ್ತು ಹೋಗಿ ಬರಲಿ. ಕೈಯಲ್ಲಿ ಒಂದು ನೋಟುಬುಕ್ಕಿರಲಿ. ಮೊದಲ ಸಾಲಿನಲ್ಲಿ ಊರಿನ ಹೆಸರು, ದಿನಾಂಕ ಬರೆದುಕೊಳ್ಳಿ.